ಹೆಸರು ಹೇಳಿದರೆ ಕರೆ ಹೋಗುವ ಸ್ಟೀರಿಯೊ

ಭದ್ರಾವತಿಯ ಮನೆಯಲ್ಲಿ ಭಾವ ಕಾಲು ಮುರಿದುಕೊಂಡು ಒಬ್ಬರೇ ಮಲಗಿದ್ದಾರೆ. ದಿನವೂ ಶಿವಮೊಗ್ಗಕ್ಕೆ ಕೆಲಸಕ್ಕೆ ಬರುವ ಅಕ್ಕ ಕಾರು ಓಡಿಸುತ್ತಲೇ ಅವರನ್ನು ವಿಚಾರಿಸಿಕೊಳ್ಳಲೆಂದು, ಸವಳಂಗ ರಸ್ತೆಯ ಅಂಗಡಿಯವರು ಅವಳ ಮೊಬೈಲನ್ನು ಸ್ಟೀರಿಯೊಗೆ ಜೋಡಿಸಿಕೊಟ್ಟರು.

“ಫೋನ್ ಮುಟ್ಟೋದೇ ಬೇಡ ಮೇಡಂ. ಯಜಮಾನ್ರ ಹೆಸರು ಹೇಳಿ, ಕಾಲ್ ಹೋಗುತ್ತೆ.”

ಮದುವೆಯಾದಾಗಿನಿಂದ ಅಕ್ಕ ಗಂಡನ ಹೆಸರು ಹೇಳಿದವಳಲ್ಲ. “ನೀನೇ ಹೇಳೋ ಮಾರಾಯ,” ಎಂದಳು ನನಗೆ.

“ನಾಳೆ ನಾನು ಊರಿಗೆ ಹೋದ್ಮೇಲೆ ಯಾರು ಹೇಳ್ತಾರೆ?”

ಅಕ್ಕ ನನ್ನನ್ನೂ ಅಂಗಡಿಯವರನ್ನೂ ಕಾರಿನಿಂದ ಕೆಳಗಿಳಿಸಿ ಗಾಜು ಏರಿಸಿಕೊಂಡಳು. ಅವಳ ತುಟಿ ಅಲುಗಿತೇ, ಬೆರಳು ಗುಂಡಿ ಒತ್ತಿತೇ? ಇದಾಗಿ ಇನ್ನೂ ಒಂದು ಗಂಟೆ ಕಳೆದಿಲ್ಲ. ಕಂಡದ್ದು ಯಾವುದು, ಕಲ್ಪಿಸಿಕೊಂಡದ್ದು ಯಾವುದು ಎಂದು ನನಗೇ ಗೊಂದಲ. ಭಾವನ ದನಿ ಮಾತ್ರ ಗಾಜು ದಾಟಿ ರಸ್ತೆಗೂ ಕೇಳಿತು: “ಎಲ್ಲಿದ್ದೀಯ ಮಾರಾಯ್ತಿ?”