ಮುಖ್ತಾರ್ ಸಾಬರು ಬಿಚ್ಚಿದ ಗ್ಯಾಸ್ ಒಲೆ

ನಮ್ಮ ಬೀದಿಯ ಹೆಂಗಸರು ಮುಖ್ತಾರ್ ಅಹಮದ್ ಸಾಬರನ್ನು ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರು. ಆದರೆ ಸಾಬರು ಒಲೆ ಬಿಚ್ಚಿ ಮತ್ತೆ ಜೋಡಿಸುವತನಕ ಆ ಹೆಂಗಸರು ರೆಪ್ಪೆ ಹೊಡೆಯುತ್ತಿರಲಿಲ್ಲ. ಹಾಲು ಕಾಯಿಸುವಾಗಲೂ ಅವರು ಅಷ್ಟು ಶ್ರದ್ಧೆ ತೋರಿಸಿದ್ದನ್ನು ನಾನು ಕಂಡಿಲ್ಲ. ಸಾಬರ ಮೇಲಿದ್ದ ಅನುಮಾನ ಒಂದೇ: ಒಳ್ಳೆಯ ಹಿತ್ತಾಳೆ ಸಾಮಾನು ತೆಗೆದುಕೊಂಡು, ಹಗುರದ್ದೇನನ್ನೋ ಕೂರಿಸಿ ಹೋಗುತ್ತಾರೆ ಎಂಬುದು. ಯಾರ ಮನೆಯಲ್ಲಿ ಹಾಗಾಯಿತು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಮನೆ ತೋರಿಸುತ್ತಿದ್ದರು. ಬೀದಿಯ ಕೊನೆಯ ಮನೆಯವರಿಗೆ ತೋರಿಸಲು ಪಕ್ಕದ ಮನೆ ಇಲ್ಲದ್ದರಿಂದ, ಅವರು ಗುಬ್ಬಿಯಲ್ಲಿರುವ ನಾದಿನಿಯ ಮನೆಯನ್ನು ಹೇಳುತ್ತಿದ್ದರು.

ಇದು ತೊಂಬತ್ತೇಳನೆಯ ಇಸವಿಯ ಮಾತು. ನಮ್ಮ ಬಡಾವಣೆ ತುಮಕೂರಿನಲ್ಲಿ, ಕ್ಯಾತ್ಸಂದ್ರಕ್ಕೆ ಹೋಗುವ ಕಡೆ. ಸಾಬರ ಮನೆ ಗುಬ್ಬಿಯಲ್ಲಿ. ಎರಡು ವಾರಕ್ಕೊಂದು ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದು, ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದ ಸೈಕಲ್ ಏರಿ, ಒಂಬತ್ತು ಗಂಟೆಯ ಹೊತ್ತಿಗೆ ನಮ್ಮ ಬೀದಿಯ ತಿರುವಿನಲ್ಲಿ "ಸ್ಟೋವ್... ಗ್ಯಾಸ್ ಸ್ಟೋವ್ ರಿಪೇರೀ" ಎಂದು ಕೂಗುತ್ತಿದ್ದರು. ಐವತ್ತರ ಆಸುಪಾಸಿನ ತೆಳ್ಳನೆಯ ಆಳು. ಕ್ಯಾರಿಯರ್ ಮೇಲೆ ಮರದ ಪೆಟ್ಟಿಗೆ, ಹ್ಯಾಂಡಲ್ಲಿಗೆ ಒಂದು ಗೋಣಿಚೀಲ. ಚೀಲದ ತುಂಬ ಸತ್ತ ಒಲೆಗಳ ಕೈಕಾಲುಗಳು: ನಾಬು, ಜೆಟ್ಟು, ಬರ್ನರು, ಪಾತ್ರೆ ಕೂರಿಸುವ ಕಬ್ಬಿಣದ ಕಾಲು. ತಂದೆಯ ಕಾಲದಲ್ಲಿ ಸೀಮೆಎಣ್ಣೆ ಪಂಪ್ ಸ್ಟೋವ್ ರಿಪೇರಿ; ಗ್ಯಾಸು ಬಂದ ಮೇಲೆ ಒಂದು ಹಳೇ ಒಲೆಯನ್ನು ಗುಜರಿಯಲ್ಲಿ ತೂಕಕ್ಕೆ ತಂದು, ಮೂವತ್ತು ಸಲ ಬಿಚ್ಚಿ ಮೂವತ್ತು ಸಲ ಜೋಡಿಸಿ ಕಲಿತರಂತೆ. "ಮೂವತ್ತನೇ ಸಲ ಒಂದು ಸ್ಕ್ರೂ ಉಳ್ಕೊಂತು ಸಾರ್. ಅದು ಎಲ್ಲೀದು ಅಂತ ಇವತ್ತಿಗೂ ಗೊತ್ತಿಲ್ಲ," ಎಂದು ಅವರೇ ಒಮ್ಮೆ ಹೇಳಿದ್ದರು. ಅಂಥ ಮಾತನ್ನು ಬಾಯಿಬಿಟ್ಟು ಹೇಳುವವನನ್ನು ಜನ ನಂಬುವುದು ಹೇಗೆ?

ಕಂಪನಿಯ ಹೆಸರು ಅಳಿಸಿಹೋದ ಒಲೆಯನ್ನು ಕೂಡ ಅವರು ಗುರುತು ಹಿಡಿಯುತ್ತಿದ್ದರು. ನಾಬು ಕಿತ್ತು, ಅದು ಕೂರುವ ಕಡ್ಡಿಯ ಚಪ್ಪಟೆ ಮೈ ಯಾವ ಕಡೆಗಿದೆ ಎಂದು ನೋಡುವರು. ಗ್ಯಾಸು ಚಿಮ್ಮುವ ಜೆಟ್ಟಿನ ತೂತಿಗೆ ಬಾಯಿಟ್ಟು ಊದುವರು. ಬೆರಳಲ್ಲೇ ಅಳೆಯುವರು. ಬಿಚ್ಚಿದ ಪ್ರತಿಯೊಂದನ್ನೂ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟು, "ಎಣಿಸ್ಕೊಳಿ ಅಮ್ಮಾ" ಎನ್ನುವರು. ಬದಲಾಯಿಸಿದರೆ ಹಳೆಯದನ್ನು ಕಾಗದದಲ್ಲಿ ಸುತ್ತಿ ಮನೆಯವರ ಕೈಗೇ ಕೊಡುವರು. ಇಷ್ಟೆಲ್ಲ ಮಾಡುತ್ತಿದ್ದುದೇ ತಪ್ಪಾಗಿತ್ತು. "ಕಳ್ಳ ಅಲ್ದೋನು ಯಾಕಮ್ಮಾ ಎಣಿಸ್ಕೋ ಅಂತಾನೆ?" ಎಂದು ನಮ್ಮ ಎದುರುಮನೆಯ ನರಸಮ್ಮ ಕೇಳಿದಾಗ ನನಗೂ ಅದು ಸರಿಯಾಗಿಯೇ ಕಂಡಿತು.

ನನಗೆ ಅನುಮಾನವೆಂಬುದು ಉದ್ಯೋಗ. ನಾನು ನೋಂದಣಿ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಇವನೇ ಅವನೋ, ಈ ರುಜು ಆ ರುಜುವಿನಂತಿದೆಯೋ ಎಂದು ಕನ್ನಡಕ ಏರಿಸಿ ಇಳಿಸಿ, ಪ್ರತಿ ಪುಟದ ಮೂಲೆಗೂ ನನ್ನ ಗಿಡ್ಡ ರುಜು ಹಾಕುವುದು ಕೆಲಸ. ಶಿವರಾಮಯ್ಯ ಎಂಬ ಹೆಸರಿನ ಒಂದು "ಶಿ", ಅದಕ್ಕೊಂದು ಉದ್ದನೆಯ ಬಾಲ. ಇಪ್ಪತ್ತು ವರ್ಷ ಹೀಗೆ ಬಾಲ ಎಳೆದೆಳೆದು, ಮನೆಯ ಕ್ಯಾಲೆಂಡರು, ಲಾಂಡ್ರಿ ಚೀಟಿ, ಕೊನೆಗೆ ತರಕಾರಿ ಪಟ್ಟಿಗೂ ರುಜು ಹಾಕದೆ ಕೈ ಸುಮ್ಮನಿರುತ್ತಿರಲಿಲ್ಲ.

ನಮ್ಮ ಒಲೆ "ಅಗ್ನಿಶ್ರೀ" ಎಂಬ ಕಂಪನಿಯದು. ನನ್ನ ಹೆಂಡತಿ ವನಜಮ್ಮನಿಗೆ ಅವಳ ತಂದೆ ಕುಣಿಗಲ್ಲಿನಿಂದ ಬಸ್ಸಿನ ಮೇಲೆ ಹಾಕಿಸಿ ಕಳಿಸಿದ್ದು. ಆ ಕಂಪನಿ ನಾಲ್ಕು ವರ್ಷ ಒಲೆ ಮಾಡಿ ತಾನೇ ಆರಿಹೋಗಿತ್ತು. ಆ ವರ್ಷ ಅದರ ಎಡಗಡೆ ನಾಬು ಬಿಗಿಯಾಗಿ, ತಿರುಗಿಸಲು ನಾವಿಬ್ಬರೂ ಸೇರಬೇಕಾಯಿತು. ಸಾಬರನ್ನು ಕರೆದೆವು.

ಅವರು ಒಲೆಯನ್ನು ಮಗುಚಿ ಹಾಕಿ ನೋಡಿ, "ಅಗ್ನಿಶ್ರೀನಾ? ಅದರಲ್ಲೂ ಮೊದಲ್ನೇ ಮಾಡ್ಲು," ಎಂದರು. ಎಡಗಡೆಯ ಕಾಕನ್ನು, ಅಂದರೆ ನಾಬಿನ ಹಿಂದೆ ಗ್ಯಾಸು ಬಿಡುವ ಹಿತ್ತಾಳೆ ತಿರುಪನ್ನು ಕಳಚಿದರು. ಅದರೊಳಗೆ ಬೆರಳ ತುದಿಯಷ್ಟು ಒಂದು ಚೂಪು ಗೂಟ. ಅದು ತಿರುಗಿದರೆ ಗ್ಯಾಸು, ನಿಂತರೆ ಇಲ್ಲ. ಗೂಟದ ಹಿಂದಿನ ಸ್ಪ್ರಿಂಗು ತುಕ್ಕು ಹಿಡಿದು ಮುರಿದಿತ್ತು.

"ಈ ಅಳತೆ ಸ್ಪ್ರಿಂಗು ನನ್ನ ಹತ್ರ ಇಲ್ಲ ಅಮ್ಮಾ. ಕಾಕು ತಗೊಂಡೋಗಿ, ಕೂರ್ಸಿ ನೋಡಿ ತರ್ತೀನಿ. ಅಲ್ಲೀಗಂಟ ಬಲಗಡೆ ಒಂದೇ ಉರ್ಸಿ," ಎಂದು, ಕಾಕಿದ್ದ ತೂತಿಗೆ ಬಿರಡೆ ಬಿಗಿದು, ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ತೋರಿಸಿದರು. ಆಮೇಲೆ ಕಸ ಕಟ್ಟಿದ್ದ ಬರ್ನರನ್ನು ಉಜ್ಜಲು ಹಿತ್ತಲ ನಲ್ಲಿಗೆ ಹೋದರು.

ಕಾಕು ಪೇಪರಿನ ಮೇಲಿತ್ತು. ಅದು ಗುಬ್ಬಿಗೆ ಹೋಗುತ್ತದೆ. ಅಲ್ಲಿಂದ ಯಾವುದು ವಾಪಸ್ಸು ಬರುತ್ತದೋ ಯಾರು ಬಲ್ಲರು? ನನ್ನೊಳಗಿನ ಗುಮಾಸ್ತ ಎದ್ದು ನಿಂತ. ಜ್ಯಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ತಂದು, ಗೂಟದ ಗ್ರೀಸನ್ನು ಒರೆಸಿ, ನುಣ್ಣನೆಯ ಮೈ ಮೇಲೆ ನನ್ನ ರುಜು ಗೀರಿದೆ. ಬಾಲವನ್ನು ಸ್ವಲ್ಪ ಆಳವಾಗಿಯೇ ಎಳೆದೆ. ಗ್ರೀಸು ಮತ್ತೆ ಬಳಿದು, ಇದ್ದಲ್ಲೇ ಇಟ್ಟು, ಪತ್ರಿಕೆ ಓದುವವನಂತೆ ಕೂತೆ.

ಎರಡು ವಾರದ ಮೇಲೆ ಸಾಬರು ಬಂದರು. ನಾನು ಗೂಟವನ್ನು ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಗ್ರೀಸಿನೊಳಗೆ ನನ್ನ "ಶಿ" ಇತ್ತು. ನಿಜ ಹೇಳುತ್ತೇನೆ, ನನಗೆ ಆದದ್ದು ಸಮಾಧಾನವಲ್ಲ, ನಿರಾಸೆ.

"ಏನ್ ಸಾರ್ ಅಷ್ಟೊಂದು ನೋಡ್ತೀರಾ?"

"ಏನಿಲ್ಲ, ಒಳ್ಳೇ ಹಿತ್ತಾಳೆ," ಎಂದೆ.

"ಚಿನ್ನ ಸಾರ್ ಚಿನ್ನ," ಎನ್ನುತ್ತ ಅವರು ಮೇಲೆ ಇನ್ನಷ್ಟು ಗ್ರೀಸು ಮೆತ್ತಿ ಗೂಟ ಕೂರಿಸಿ, ಸೋಪಿನ ನೀರು ಹಚ್ಚಿ ನೋಡಿ, ಊರಿಗೆ ಹೋದರು. ನಾಬು ಬೆಣ್ಣೆಯಂತೆ ತಿರುಗಿತು.

ಹತ್ತನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆಗೆದವಳೇ ವನಜಮ್ಮ ಕೂಗಿದಳು: "ರೀ! ಲೈಟ್ ಹಾಕ್ಬೇಡ್ರೀ! ಗ್ಯಾಸ್ ವಾಸ್ನೆ!" ಅವಳೇ ರೆಗ್ಯುಲೇಟರ್ ತಿರುಗಿಸಿ, ಕಿಟಕಿಗಳನ್ನು ತೆರೆದು, ಸಿಲಿಂಡರನ್ನು ಹಿತ್ತಲಿಗೆ ಉರುಳಿಸಿದಳು. ಅಷ್ಟರಲ್ಲಿ ನಾನು ಧೈರ್ಯವಾಗಿ ಗೇಟಿನ ಹೊರಗಿದ್ದೆ.

ಗ್ಯಾಸು ಸೋರಿದ್ದಕ್ಕಿಂತ ವೇಗವಾಗಿ ಸುದ್ದಿ ಸೋರಿತು. ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರ್ ಲಕ್ಷ್ಮೀನರಸಿಂಹಯ್ಯ ನಮ್ಮ ಬಡಾವಣೆ ಸಂಘದ ಅಧ್ಯಕ್ಷರು. ಅವರು ಬನಿಯನ್ನಿನಲ್ಲೇ ಬಂದು ಸ್ಥಳ ಪರಿಶೀಲನೆ ಮಾಡಿದರು. "ಯಾವ ಕಡೆ ಸೋರಿದ್ದು? ಎಡಗಡೆ. ಯಾವ ಕಡೆ ಆ ಸಾಬಿ ಮುಟ್ಟಿದ್ದು? ಎಡಗಡೆ. ಮುಗೀತಲ್ಲ!"

"ನಾ ಅವತ್ತೇ ಅಂದೆ. ಮಾಲು ಬದಲಾಯ್ಸವ್ನೆ," ಎಂದಳು ನರಸಮ್ಮ.

ಮಾಲು ಬದಲಾಗಿಲ್ಲವೆಂದು ಇಡೀ ತುಮಕೂರಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೆ ಅದನ್ನು ಹೇಳಬೇಕಾದರೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಲ್ಲ. "ಇರಬಹುದು, ಇರಬಹುದು," ಎಂದೆ.

ಗ್ಯಾಸು ರಿಪೇರಿಯವನಿಗೆ ಒಂದೇ ಒಂದು ಸೋರಿಕೆ ಸಾಕು. ಹಾಕಿದ ಹೊಲಿಗೆ ಬಿಟ್ಟರೆ ದರ್ಜಿಗೆ ಬೈಯುತ್ತಾರೆ, ಮತ್ತೆ ಅವನಿಗೇ ಬಟ್ಟೆ ಕೊಡುತ್ತಾರೆ. ಸೋರಿದ ಒಲೆಯವನನ್ನು ಯಾರೂ ಮತ್ತೆ ಕರೆಯುವುದಿಲ್ಲ. ನಮ್ಮ ಬೀದಿಯವರಿಗೆ ಗುಬ್ಬಿಯಲ್ಲಿ ನಾದಿನಿಯರು, ಕುಣಿಗಲ್ಲಿನಲ್ಲಿ ಬೀಗರು. ತುಮಕೂರೂ ಸೇರಿ ಸಾಬರು ಹೋಗುತ್ತಿದ್ದ ಊರುಗಳೂ ಅವೇ ಮೂರು. ವಾರದೊಳಗೆ ಮೂರು ಊರಿಗೂ ಮಾತು ಮುಟ್ಟಿತು.

ಮುಂದಿನ ಭಾನುವಾರ ಸಾಬರ ಕೂಗು ಕೇಳಿತು. ಒಂದೊಂದೇ ಗೇಟಿನ ಚಿಲಕ ಬೀಳುವ ಸದ್ದೂ ಕೇಳಿತು. ಅವರು ಸೈಕಲ್ ತಳ್ಳಿಕೊಂಡು ನೇರ ನಮ್ಮ ಮನೆಗೆ ಬಂದರು.

"ಸಾರ್, ಗುಬ್ಬೀಲೂ ಮೂರು ಮನೆಯವರು ಬ್ಯಾಡ ಅಂದ್ರು. ಮನೇಲಿ ನಮ್ ಹೆಂಗ್ಸು ಬಾನು ಕೇಳ್ತಾಳೆ, ಏನ್ ಮಾಡಿ ಬಂದ್ರಿ ಅಂತ. ಏನ್ ಮಾಡ್ದೆ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ಬಿಚ್ಚಿ ನೋಡಕ್ಕೆ ಬುಡಿ. ನಂದೇ ತಪ್ಪಾದ್ರೆ ಈ ಪೆಟ್ಟಿಗೆ ಮತ್ತೆ ಎತ್ತಲ್ಲ."

ಜನ ಸೇರಿದರು. "ಬಿಚ್ಚಿ ಸಾಕ್ಷಿ ಅಳಿಸೋಕಾ? ಆಗಲ್ಲ!" ಎಂದರು ಲಕ್ಷ್ಮೀನರಸಿಂಹಯ್ಯ. ಆದರೆ ಒಲೆಯ ಒಡತಿ ವನಜಮ್ಮ. "ಬಿಚ್ಲಿ ಬಿಡಿ. ಹತ್ತು ಜನ ನೋಡ್ತಿದೀರಲ್ಲ. ಸೀಮೆಎಣ್ಣೆ ಸ್ಟೋವ್ ಮುಂದೆ ಕೂತು ಕೆಮ್ತಿರೋಳು ನಾನು, ನೀವಲ್ಲ," ಎಂದು ಒಲೆಯನ್ನು ಜಗುಲಿಗೆ ತಂದಿಟ್ಟಳು.

ಸಾಬರು ಪೇಪರು ಹಾಸಿದರು. ಕಾಕು ಕಳಚಿದರು. ಗೂಟವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರು. ಒರೆಸುತ್ತಿದ್ದ ಕೈ ನಿಂತಿತು.

"ಇಲ್ಲಿ ಗೀರು ಬಿದ್ದದೆ. ಈ ಗೂಟಕ್ಕೆ ಕೂದಲೆಳೆ ಗೀರು ಬಿದ್ರೂ ಗ್ಯಾಸು ಅದೇ ದಾರಿ ಹಿಡೀತದೆ. ಗ್ರೀಸ್ ಇರೋಗಂಟ ತಡೀತು. ಉರಿಗೆ ಒಣಗ್ತು, ಸೋರ್ತು." ಅವರು ಗೂಟವನ್ನು ಪೇಪರಿನ ಮೇಲಿಟ್ಟರು. "ಕೂರ್ಸೋವಾಗ ಒರ್ಸಿ ನೋಡ್ಬೇಕಾಗಿತ್ತು. ಈ ಮನೇಲಿ ಯಾರು ಏನ್ ಮಾಡಾರು ಅಂತ ನೋಡ್ಲಿಲ್ಲ."

ಆ ಕ್ಷಣದವರೆಗೂ, ದೇವರಾಣೆ, ನನ್ನ ರುಜುವಿಗೂ ಆ ಸೋರಿಕೆಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ.

"ಗೀರಿದ್ದು ಯಾರು? ತಗೊಂಡೋಗಿದ್ದೋನು ನೀನು," ಎಂದರು ಅಧ್ಯಕ್ಷರು. ಅವರು ಮನೆಯಲ್ಲೇ ಒಂದು ದೂರು ಬರೆದು ತಂದಿದ್ದರು: ಮುಖ್ತಾರ್ ಅಹಮದ್ ಎಂಬಾತನನ್ನು ಬಡಾವಣೆಯ ಯಾವ ಮನೆಯೂ ಸೇರಿಸತಕ್ಕದ್ದಲ್ಲ, ಪ್ರತಿಗಳು ಗುಬ್ಬಿ ಹಾಗೂ ಕುಣಿಗಲ್ಲಿನ ಗ್ಯಾಸ್ ವಿತರಕರಿಗೆ. "ಶಿವರಾಮಯ್ಯನೋರೆ, ನಿಮ್ಮ ಮನೆ ವಿಷಯ. ಮೊದಲ ರುಜು ನಿಮ್ಮದು."

ಪೆನ್ನು ಕೈಗೆ ಬಂತು. ಹಾಳೆಯ ಪಕ್ಕದಲ್ಲೇ ಗೂಟ ಹೊಳೆಯುತ್ತಿತ್ತು. ಸಾಬರು ಗೂಟವನ್ನು ನೋಡಿದರು, ನಮ್ಮ ಗೇಟಿನ ಹೆಸರು ಫಲಕದ "ಶಿ" ನೋಡಿದರು, ನನ್ನ ಮುಖ ನೋಡಿದರು. ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ನಾನೇ ಹೇಳಲಿ ಎಂದು ಕಾದರೋ, ಹೇಳಿದರೂ ಯಾರು ನಂಬುತ್ತಾರೆ ಎಂದುಕೊಂಡರೋ. ನಾನೀಗ ಆ ಹಾಳೆಗೆ ರುಜು ಹಾಕಿದರೆ ಮೂವತ್ತು ವರ್ಷದ ಅವರ ಕಸುಬು ಮುಗಿಯುತ್ತದೆ. ಮೂಲೆಗೊಂದು ಬಾಲ ಎಳೆದರಾಯಿತು.

"ಅದು... ಅದನ್ನ ಗೀರಿದ್ದು ನಾನು," ಎಂದೆ.

"ಏನಂದ್ರಿ?"

"ನಾನೇ. ಕೈವಾರದಲ್ಲಿ. ಬದಲಾಯಿಸಿಬಿಡ್ತಾರೇನೋ ಅಂತ ಗುರುತಿಗೆ."

ಜನ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಯಾರೂ ನಂಬಲೇ ಇಲ್ಲ. ಲಕ್ಷ್ಮೀನರಸಿಂಹಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಿವರಾಮಯ್ಯನೋರೆ, ಸಾಬಿ ನಿಮಗೇನು ಕೊಟ್ಟ?" ಎಂದರು. ನರಸಮ್ಮ, "ಅಯ್ಯೋ ಪಾಪ, ಮೆದು ಜನ. ಹೆದರ್ಸವ್ನೆ ಬುಡು," ಎಂದಳು. ಜೀವನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ನಿಜ ಹೇಳಿದ್ದೆ. ಅದಕ್ಕೂ ಸಾಕ್ಷಿ ಬೇಕಾಯಿತು.

ವನಜಮ್ಮ ಗೂಟವನ್ನು ಎತ್ತಿ ನೋಡಿದಳು. ಒಳಗೆ ಹೋಗಿ ತರಕಾರಿ ಪಟ್ಟಿ, ಲಾಂಡ್ರಿ ಚೀಟಿ, ಕ್ಯಾಲೆಂಡರು ಮೂರನ್ನೂ ತಂದು ಗೂಟದ ಪಕ್ಕ ಜೋಡಿಸಿದಳು. "ನೋಡಿ. ಈ ಬಾಲ ಬೇರೆ ಯಾವ ಮನುಷ್ಯನಾದ್ರೂ ಎಳೀತಾನಾ? ಬದನೆಕಾಯಿಗೆ ರುಜು ಹಾಕೋರು ಗ್ಯಾಸಿಗೆ ಬಿಡ್ತಾರಾ?" ಅಧ್ಯಕ್ಷರು ಕನ್ನಡಕ ಬದಲಾಯಿಸಿ ನೋಡಿದರು. ನರಸಮ್ಮನಿಗೆ ಓದು ಬಾರದು. ಆದರೂ ಬಾಲ ಮಾತ್ರ ಅವಳಿಗೂ ತಿಳಿಯಿತು. ದೂರಿನ ಹಾಳೆ ಮೆಲ್ಲಗೆ ಅಧ್ಯಕ್ಷರ ಬನಿಯನ್ನಿನೊಳಕ್ಕೆ ಹೋಯಿತು.

ಗೂಟವೂ ಅದು ಕೂರುವ ಗೂಡೂ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಯಂತೆ. ಒಂದು ಕೆಟ್ಟರೆ ಎರಡೂ ಬದಲಾಗಬೇಕು. ಆ ಜೋಡಿ ಹುಡುಕಲು ಮರುದಿನ ರಜೆ ಹಾಕಿ ಸಾಬರ ಜೊತೆ ನಾನೂ ಕುಣಿಗಲ್ಲಿಗೆ ಹೋದೆ. ಬಸ್ಸಿನಲ್ಲಿ ಅವರು, "ಗುರುತು ಹಾಕೋದಿದ್ರೆ ನಾಬಿಗೆ ಹಾಕಿ ಸಾರ್. ಗೂಟಕ್ಕಲ್ಲ," ಎಂದರು. ಬೈದಿದ್ದರೆ ವಾಸಿಯಾಗಿತ್ತು. ಗುಜರಿ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ತುಕ್ಕಿನ ರಾಶಿ ಕೆದಕಿ, ಬೆಂಕಿಯಲ್ಲಿ ಕಪ್ಪಾದ ಒಂದು ಒಲೆಯನ್ನು ಎಳೆದು, ಕಡ್ಡಿಯ ಚಪ್ಪಟೆ ಮೈ ಸವರಿ, "ಇದೇ," ಎಂದರು. ಅಗ್ನಿಶ್ರೀ, ಮೊದಲನೇ ಮಾಡಲ್ಲು. ಅದರ ಕಾಕನ್ನು ಮನೆಗೆ ತಂದು ಕೂರಿಸಿ, ಸೋಪಿನ ನೀರು ಹಚ್ಚಿದಾಗ ಇಡೀ ಬೀದಿ ಬಗ್ಗಿ ನೋಡಿತು. ಒಂದು ಗುಳ್ಳೆಯೂ ಏಳಲಿಲ್ಲ. ಹತ್ತು ದಿನ ಕಳೆಯಿತು, ತಿಂಗಳು ಕಳೆಯಿತು; ವಾಸನೆಯಿಲ್ಲ.

ಗುಬ್ಬಿಗೂ ಕುಣಿಗಲ್ಲಿಗೂ ನಿಜ ತಲುಪಿಸಲು ಸುಳ್ಳಿಗಿಂತ ಮೂರು ಪಟ್ಟು ಹೆಚ್ಚು ದಿನ ಹಿಡಿಯಿತು. ನಾನೇ ಬೀದಿಯವರ ಮೂವರು ನಾದಿನಿಯರ ಮನೆಗೆ ಹೋಗಿ ನನ್ನ ದಡ್ಡತನದ ಕತೆ ಹೇಳಿ ಕಾಫಿ ಕುಡಿದು ಬಂದೆ. ಎರಡು ಸಾವಿರದ ಆರರಲ್ಲಿ ಕಡ್ಡಿ ಗೀರದೆ ಹತ್ತುವ ಒಲೆಗಳು ನಮ್ಮ ಕಡೆ ಬರುವವರೆಗೂ ಸಾಬರ ಸೈಕಲ್ಲು ಮೂರೂ ಊರಿನಲ್ಲಿ ಓಡಾಡಿತು.

ನಮ್ಮ ಬೀದಿಯಲ್ಲಿ ಅವರಿಗೆ ಮೊದಲು ಗೇಟು ತೆರೆದವಳು ನರಸಮ್ಮ. ಕೂಗು ಕೇಳಿದ್ದೇ, "ಬನ್ನಿ ಸಾಬ್ರೆ ಒಳೀಕೆ," ಎಂದು ಕರೆದಳು. ಸಾಬರಿಗೆ ಧೈರ್ಯಕ್ಕಿರಲಿ ಎಂದು ನಾನೂ ಹಿಂದೆಯೇ ಹೊಸ್ತಿಲು ದಾಟಲು ಹೋದೆ. ಅವಳು ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ನೀವಲ್ಲ ಸಾಮಿ. ನೀವು ಜಗುಲಿ ಮ್ಯಾಲೇ ಕುಂತ್ಕಳಿ. ಕೈ ಎರಡೂ ನಂಗೆ ಕಾಣ್ಬೇಕು."