ತೂಕ ಎಂದರೆ ನೋಡುವ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಬೆಳೆಸಿದ್ದು ಎಂದು ನನಗೆ ಖಚಿತವಿಲ್ಲ. ಕಳೆದ ತಿಂಗಳು ಪರ್ಕಳದ ಗುಜರಿ ಅಂಗಡಿಯ ಮುಂದೆ ಕಂಡ ತಕ್ಕಡಿ ನಮ್ಮದೇ ಆಗಿತ್ತೆಂದೂ ಹೇಳಲಾರೆ. ಶಿಶುಗಳನ್ನು ತೂಗುವ ಆ ಬಗೆಯ ತಕ್ಕಡಿಗಳೆಲ್ಲ ಒಂದೇ ಥರ ಇರುತ್ತವೆ: ಗಡಿಯಾರದಂಥ ದುಂಡು ಮುಖ, ಕೆಳಗೊಂದು ಕೊಕ್ಕೆ, ಕೊಕ್ಕೆಗೆ ಜೋಳಿಗೆಯಂಥ ನೀಲಿ ಬಟ್ಟೆ. ಬಟ್ಟೆಗೆ ತುಕ್ಕಿನ ವಾಸನೆ ಹತ್ತಿತ್ತು. ಮೀನಿನ ವಾಸನೆಯೂ ಇತ್ತು ಎಂದು ಬರೆಯಲು ಕೈ ಓಡುತ್ತದೆ. ಅದು ನನ್ನ ಸೇರ್ಪಡೆ, ಬಿಟ್ಟುಬಿಡುತ್ತೇನೆ. ಅಂತೂ ಬಾಯಮ್ಮ ನೆನಪಾದರು...

ಎಂ.ಎ. ಮುಗಿಸಿದ ಕೂಡಲೇ ನನಗೆ ಮಣಿಪಾಲದಲ್ಲಿ ಕಚೇರಿಯಿದ್ದ ಒಂದು ಸೇವಾಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಕಾಪುವಿನಲ್ಲಿ, ಕಡಲಿಗೆ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ ಸಂಸ್ಥೆಯ ಶಿಶುಕೇಂದ್ರವಿತ್ತು. ಮೀನು ಮಾರುವ ಹೆಂಗಸರು ಬೆಳಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು, ಬುಟ್ಟಿಯೊಂದಿಗೆ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನ ಬಂದು ಕರೆದೊಯ್ಯುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಬಾಯಮ್ಮ. ಅದು ಅವರ ಹೆಸರಲ್ಲ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಯಿಂದ ಹಾಗೆ ಕರೆಯುವುದು ವಾಡಿಕೆ. ಗಡುಸು ಧ್ವನಿ, ಮುಂಗೋಪ. ಮಕ್ಕಳನ್ನು ಕೊಂಕಣಿಯಲ್ಲಿ ಬೈಯುತ್ತಿದ್ದರು, ತಾಯಂದಿರನ್ನು ತುಳುವಿನಲ್ಲಿ, ನನ್ನನ್ನು ಕನ್ನಡದಲ್ಲಿ. ವರದಿಯನ್ನು ಸಮಯಕ್ಕೆ ಕಳಿಸಿದ್ದು ಒಮ್ಮೆಯೂ ಇಲ್ಲ.

ನಮ್ಮ ನಿರ್ದೇಶಕರು ಘಟ್ಟದ ಮೇಲಿನವರು; ಎಲ್ಲೋ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಸೇವೆಗೆಂದು ಬಂದವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಲಾದರೂ ಒಂದು ಗೋಡೆ ಸಿಗುತ್ತಿತ್ತು. ಅವರ ಬಳಿ ಕೊನೆಗೆ ಮಾತಾಡಿದವರು ಯಾರೋ, ಅವರ ಅಭಿಪ್ರಾಯವೇ ನಿರ್ದೇಶಕರದ್ದು. ಒಬ್ಬ ಅತಿಥಿ ಬಂದು ಹೋದರೆ ಒಂದು ಹೊಸ ದಾರಿ. ಸೋಮವಾರದ ಸಭೆಯಲ್ಲಿ ‘ನಾವೆಲ್ಲ ಒಂದು ಕುಟುಂಬ’ ಎಂದು ಶುರುಮಾಡಿದರೆ, ಹಿಂದಿನ ಸೋಮವಾರ ಒಪ್ಪಿದ್ದನ್ನು ರದ್ದು ಮಾಡುತ್ತಾರೆ ಎಂದು ನಮಗೆ ತಿಳಿಯುತ್ತಿತ್ತು. ಕಾಪುವಿನ ಕೋಣೆಗೆ ಬಾಲವಾಡಿ ಎಂಬ ಬೋರ್ಡು ಹೋಗಿ ವಿಕಾಸ ಕೇಂದ್ರ ಬಂತು, ಅದೂ ಹೋಗಿ ಇನ್ನೇನೋ ಬಂತು. ಮಕ್ಕಳು ಮಾತ್ರ ಅದೇ ಚಾಪೆಯ ಮೇಲೆ ಕುಳಿತಿದ್ದರು.

ಒಂದು ದಿನ ಆ ಕೇಂದ್ರವನ್ನು ಮುಚ್ಚಿ ಮಣಿಪಾಲದ ಕೇಂದ್ರದೊಂದಿಗೆ ಸೇರಿಸುವುದೆಂದು ತೀರ್ಮಾನವಾಯಿತು. ಅದನ್ನು ತಾಯಂದಿರಿಗೆ ಹೇಳಲು ನಿರ್ದೇಶಕರೇ ಕಾಪುವಿಗೆ ಬಂದರು. ಮಕ್ಕಳನ್ನು ಕರೆದೊಯ್ಯಲು ವ್ಯಾನು ಬರುತ್ತದೆ ಎಂದರು. ಸಂಸ್ಥೆಗೆ ವ್ಯಾನು ಇರಲಿಲ್ಲ.

“ಏನಮ್ಮಾ, ಏನಂತೀರಾ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಳೊಬ್ಬಳು, “ತೂಕ ಸರ್” ಎಂದಳು. ಉಳಿದವರೂ “ತೂಕ, ತೂಕ” ಎಂದರು.

ತುಳುವಿನಲ್ಲಿ ‘ತೂಕ’ ಎಂದರೆ ‘ನೋಡುವ’. ನಮ್ಮ ಕಡೆ ‘ನೋಡುವ’ ಎಂಬುದರ ಮುಕ್ಕಾಲು ಪಾಲು ‘ಇಲ್ಲ’. ಆದರೆ ನಿರ್ದೇಶಕರಿಗೆ ಗೊತ್ತಿದ್ದದ್ದು ಕನ್ನಡದ ತೂಕ. ಹಿಂದಿನ ವಾರವಷ್ಟೇ ಯಾರೋ ವೈದ್ಯರು ಅವರಿಗೆ ಮಕ್ಕಳ ಪೌಷ್ಟಿಕತೆಯ ಬಗ್ಗೆ ಹೇಳಿಹೋಗಿದ್ದರು. ಅವರ ಮುಖ ಅರಳಿತು.

“ತೂಕ! ಮಕ್ಕಳ ತೂಕ! ನೋಡಿ, ಜನರೇ ಕೇಳ್ತಿದಾರೆ. ಬಾಯಮ್ಮಾವ್ರೆ, ತೂಕ ತಾನೆ ಇವರು ಹೇಳ್ತಿರೋದು?”

“ಹೌದು ಸರ್,” ಎಂದರು ಬಾಯಮ್ಮ. “ತೂಕವೇ.”

ಕೇಂದ್ರ ಉಳಿಯಿತು. ಮುಚ್ಚುವ ಮಾತು ಅಲ್ಲಿಗೇ ನಿಂತು, ಹದಿನೈದು ದಿನದೊಳಗೆ ತಕ್ಕಡಿ ಬಂತು. ಆ ಸಭೆಯ ದಿನ ಮರಳುವಾಗ ಬಸ್ಸಿನಲ್ಲಿ ನಾನು ನಗು ತಡೆಯಲಾರದೆ ಅದನ್ನು ಕೇಳಿದ್ದಕ್ಕೆ ಬಾಯಮ್ಮ ರೇಗಿದರು. “ಎಂತ ಮಾರಾಯ ಹಲ್ಲು ಬಿಡ್ತೀಯ? ನಾನೆಂತ ಸುಳ್ಳು ಹೇಳಿದ್ದಾ? ಅವರು ತೂಕ ಹೇಳಿದ್ರು, ನಾನೂ ತೂಕ ಹೇಳಿದೆ. ನಿನ್ನ ಎಂಎಯಲ್ಲಿ ಬೇರೆ ಎಂತಾದ್ರೂ ಉಂಟಾ?”

ಮಣಿಪಾಲದ ಕ್ಯಾಂಟೀನುಗಳಲ್ಲಿ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಈಗ ಅನುಮಾನ ಬರುತ್ತದೆ. ಆ ಕೋಣೆಯಲ್ಲಿ ನಾನಿದ್ದೆನೋ, ಅಥವಾ ಬಸ್ಸಿನಲ್ಲಿ ಅವರು ಹೇಳಿದ್ದನ್ನೇ ಕಣ್ಣಾರೆ ಕಂಡಂತೆ ಮಾಡಿಕೊಂಡೆನೋ... ತಾಯಂದಿರಿಗೆ ತಕ್ಕಡಿ ಇಷ್ಟವಾಗಲಿಲ್ಲ ಎಂಬುದು ಮಾತ್ರ ನೆನಪಿದೆ. ಮಗುವಿನ ತೂಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದಂತೆ. ಬಾಯಮ್ಮ ಅಂಕಿಯನ್ನು, ವರದಿಗೆ ಬರೆದುಕೊಳ್ಳುತ್ತಿದ್ದ ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದರು. ಮಕ್ಕಳಿಗೆ ಅದು ಉಯ್ಯಾಲೆ, ಇಳಿಸಿದರೆ ಅಳುತ್ತಿದ್ದವು.

ಆಮೇಲೆ ಇನ್ನೊಬ್ಬ ಅತಿಥಿ ಬಂದರು. ಈ ಸಲ ಹೆಂಗಸರಿಗೆ ಹೊಲಿಗೆ ಕಲಿಸುವ ಯೋಜನೆ, ಅದಕ್ಕೆ ಅದೇ ಕೋಣೆ ಬೇಕು. ಸೋಮವಾರದ ಸಭೆಗೆ ಬಾಯಮ್ಮ ಕರೆಯದೆಯೇ ಬಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಸರ್, ಹೊಲಿಗೆ ನಾಳೆ ಮಾಡ್ಲಿಕ್ಕಾಗ್ತದೆ, ಮೀನು ನಾಳೆಗೆ ಕೊಳೀತದೆ. ಮಗುವನ್ನು ಎಲ್ಲಿ ಬಿಟ್ಟು ಹೋಗ್ಬೇಕು ಅವರು?”

ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. ಅದು ನಟನೆಯಲ್ಲ ಎಂದು ಇವತ್ತಿಗೂ ನಂಬುತ್ತೇನೆ. “ನಿಮ್ಮ ಭಾವನೆ ಅರ್ಥ ಆಗತ್ತೆ ಬಾಯಮ್ಮಾವ್ರೆ. ನೋಡೋಣ.”

ಮೆಟ್ಟಿಲಿಳಿಯುವಾಗ ಬಾಯಮ್ಮ ನನ್ನ ಕಡೆ ತಿರುಗಿ, “ಸರ್ ಈಗ ತುಳು ಕಲಿತರು ಮಾರಾಯ” ಎಂದರು. ನಗಲಿಲ್ಲ.

ಮುಂದಿನ ವಾರ ಅಕ್ಕನ ಮದುವೆಗೆಂದು ನಾನು ಕಾರ್ಕಳದ ಮನೆಗೆ ಹೋಗಿದ್ದೆ. ಮರಳುವಾಗ ಎಲ್ಲ ಮುಗಿದಿತ್ತು. ಬಾಯಮ್ಮ ಸಿಟ್ಟಿನಲ್ಲಿ ಕೆಲಸ ಬಿಟ್ಟರು, ನೋಡಿಕೊಳ್ಳುವವರಿಲ್ಲದೆ ಕೇಂದ್ರ ಮುಚ್ಚಬೇಕಾಯಿತು ಎಂದು ನಿರ್ದೇಶಕರು ಸಭೆಯಲ್ಲಿ ನಿಟ್ಟುಸಿರುಬಿಟ್ಟರು. ಬಾಯಮ್ಮ ಫೋನಿನಲ್ಲಿ ಹೇಳಿದ್ದು ಬೇರೆ: ಮೊದಲು ಬೀಗ ಹಾಕಿದರು, ಆಮೇಲೆ ತಾನು ಬಿಟ್ಟದ್ದು. ಅವರ ಮುಂಗೋಪ ನನಗೆ ಗೊತ್ತಿತ್ತು. ಸಂಸ್ಥೆಯ ಮಾತನ್ನು ಮತ್ತೆ ಮತ್ತೆ ಕೇಳಿದ್ದೂ ಇತ್ತು. ಯಾರನ್ನು ನಂಬುವುದೆಂದು ನಾನು ತೀರ್ಮಾನಿಸಲೇ ಇಲ್ಲ. ಸಂಸ್ಥೆಯ ಮಾತು ನಂಬಿ ಕಾಪುವಿನ ಹೆಂಗಸರೇ ಕೆಲವರು, ‘ಬಾಯಮ್ಮ ನಮ್ಮ ಮಕ್ಕಳನ್ನು ಬಿಟ್ಟು ಹೋದರು’ ಎಂದು ಅವರೊಂದಿಗೆ ಮಾತು ಬಿಟ್ಟರು. ಬಾಯಮ್ಮನಿಗೆ ತಾಗಿದ್ದು ಕೆಲಸ ಹೋದದ್ದಲ್ಲ, ಇದು. ಕೆಲವು ತಿಂಗಳ ನಂತರ ನಾನೂ ಆ ಕೆಲಸ ಬಿಟ್ಟೆ, ಜಗಳವಾಡದೆ, ಸುಮ್ಮನೆ ದಣಿದು.

ಈಗ ನಾನು ಕಾಲೇಜಿನಲ್ಲಿ ಸಂಶೋಧನಾ ವಿಧಾನ ಪಾಠ ಮಾಡುತ್ತೇನೆ. ನೆನಪು ಎಲ್ಲಕ್ಕಿಂತ ದುರ್ಬಲ ಸಾಕ್ಷಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಬಾಯಮ್ಮ ತೀರಿಕೊಂಡದ್ದು ಹೋದ ವರ್ಷ. ನನಗೆ ತಿಳಿದದ್ದು ಇಗರ್ಜಿಯಲ್ಲಿ ಅಂತ್ಯಕ್ರಿಯೆಯೆಲ್ಲ ಮುಗಿದ ಮೇಲೆ.

ಪರ್ಕಳದಲ್ಲಿ ತಕ್ಕಡಿ ಕಂಡ ಮರು ಭಾನುವಾರ ಬಸ್ಸು ಹಿಡಿದು ಕಾಪುವಿಗೆ ಹೋದೆ. ಆ ಕೋಣೆಯಲ್ಲಿ ಈಗ ಮೊಬೈಲು ರಿಪೇರಿ. ಹೊಲಿಗೆ ಯಂತ್ರಗಳು ಬಂದೇ ಇರಲಿಲ್ಲವಂತೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ನನ್ನನ್ನು ಗುರುತಿಸಲಿಲ್ಲ. ಬಾಯಮ್ಮನ ಹೆಸರೆತ್ತಿದ ಕೂಡಲೇ ಸ್ಟೂಲು ಎಳೆದು ಕೂರಿಸಿದರು.

“ಬೀಗ ಹಾಕಿದ್ದು ಶನಿವಾರ ಸಂಜೆ ಮಾರಾಯ್ರೆ. ನನಗೆ ಗೊತ್ತುಂಟು, ಆ ಮಣಿಪಾಲದ ಆಫೀಸಿನವರು ಬೀಗ ತೆಗೊಂಡದ್ದೇ ಇಲ್ಲಿಂದ. ಬಾಯಮ್ಮನಿಗೆ ಎಂತ ಗೊತ್ತು, ಪಾಪ? ಸೋಮವಾರ ಬೆಳಿಗ್ಗೆ ಮಕ್ಕಳೊಟ್ಟಿಗೆ ಬಾಗಿಲೆದುರು ನಿಂತಿದ್ರು. ತಾಯಂದಿರೆಲ್ಲ ಬಸ್ಸು ಹತ್ತಿ ಆಗಿತ್ತು.”

“ಇಷ್ಟು ವರ್ಷದ ಮೇಲೆ ಅಷ್ಟು ಸರಿಯಾಗಿ ನೆನಪುಂಟಾ?” ಎಂದೆ.

“ಮತ್ತೆ? ಮಧ್ಯಾಹ್ನದವರೆಗೆ ಮಕ್ಕಳನ್ನು ನನ್ನ ಸಿಮೆಂಟು ಚೀಲದ ಮೇಲೆ ಕೂರಿಸಿದ್ದಲ್ವಾ. ಒಂದು ಉಚ್ಚೆ ಹೊಯ್ತು, ಚೀಲ ಇಡೀ ಕಲ್ಲಾಯ್ತು!”

ಅವರು ಗಿರಾಕಿಗೆ ಮೊಳೆ ಕೊಡಲು ಎದ್ದಾಗ, ಅಂಗಡಿಯ ಹಿಂದಿನ ಮನೆಯೊಳಗಿದ್ದ ಅವರ ಹೆಂಡತಿಯನ್ನು ಬೇರೆಯಾಗಿ, ತುಳುವಿನಲ್ಲಿ ಕೇಳಿದೆ. ಆಕೆ ಹೇಳಿದ್ದೂ ಅದೇ: ಶನಿವಾರ ಬೀಗ, ಸೋಮವಾರ ಬಾಯಮ್ಮ. ಕೊನೆಯ ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟ ಮೇಲೆಯೇ ಅವರು ಮನೆಗೆ ಹೋದದ್ದಂತೆ.

ಉಳಿದದ್ದಕ್ಕೆಲ್ಲ ನಾನು ಹೊಣೆಯಾಗಲಾರೆ. ಇದಿಷ್ಟು ನಿಜ: ಬೀಗ ಮೊದಲು ಬಿದ್ದಿತ್ತು.