ಚಮಚದ ಜೇನು

ಮೂಡುಬಿದಿರೆಯ ನನ್ನ ಅಂಗಡಿಯ ಬೋರ್ಡಿನಲ್ಲಿ 'ಕಾಡಿನ ಶುದ್ಧ ಜೇನು' ಎಂದು ದೊಡ್ಡದಾಗಿ ಬರೆಸಿದ್ದೇನೆ. ಸೀಗೆಕಾಯಿ, ರಾಂಪತ್ರೆ, ಬೆತ್ತದ ಬುಟ್ಟಿಗಳೂ ಸಿಗುತ್ತವೆ. ಕಾಡಿನದ್ದೆಲ್ಲ ನನಗೆ ಬೇಕಿತ್ತು. ನಾನು ಆ ಕಾಡಿನವಳು ಎಂಬುದು ಮಾತ್ರ ಗಿರಾಕಿಗಳಿಗೆ ಗೊತ್ತಾಗಬಾರದಿತ್ತು. ವರ್ಷಗಟ್ಟಲೆ ಹೀಗೆಯೇ ವ್ಯಾಪಾರ ಮಾಡಿದೆ.

ನಾವು ಮಲೆಕುಡಿಯರು, ಘಟ್ಟದ ಕಾಡಿನ ಬುಡಕಟ್ಟಿನವರು. ಮುಂಡಾಜೆ ದಾಟಿ, ಚಾರ್ಮಾಡಿ ರಸ್ತೆ ಬಿಟ್ಟು, ಗುಡ್ಡದ ದಾರಿಯಲ್ಲಿ ಒಂದು ಗಂಟೆ ಹತ್ತಿದರೆ ನನ್ನ ತಾಯಿಮನೆ. ಇನ್ನೂ ಮೇಲೆ ಹತ್ತಿದರೆ ನಮ್ಮ ಜಿಲ್ಲೆಯೇ ಮುಗಿಯುತ್ತದೆ. ಬಂಟ್ವಾಳದ ಹಾಸ್ಟೆಲಿನಲ್ಲಿ ಓದುವಾಗಲೇ, ಊರು ಯಾವುದೆಂದು ಕೇಳಿದವರಿಗೆ 'ಬೆಳ್ತಂಗಡಿ' ಎನ್ನಲು ಕಲಿತಿದ್ದೆ. ಅದು ಸುಳ್ಳೇನಲ್ಲ, ನಮ್ಮ ತಾಲೂಕು ಅದೇ. ಇಂಥ ಅರ್ಧ ನಿಜಗಳಲ್ಲಿ ನಾನು ಬಹಳ ಜಾಣೆ.

ಅಂಗಡಿಗೆ ಜೇನು ತರುತ್ತಿದ್ದವರು ನನ್ನ ಸೋದರಮಾವ. ತುಳುವಿನಲ್ಲಿ ನಾವು ತಮ್ಮಲೆ ಎನ್ನುತ್ತೇವೆ. ಅಪ್ಪ ತೀರಿಕೊಂಡ ಮೇಲೆ ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿ, ಹಳ್ಳ ದಾಟಿಸಿ ಶಾಲೆಗೆ ಬಿಡುತ್ತಿದ್ದವರು ಅವರೇ. ಜೇನಿನ ವಿಷಯದಲ್ಲಿ ನಮ್ಮ ಮನೆಯದ್ದೊಂದು ಕ್ರಮವಿದೆ. ತೆಗೆದವನು ಮೊದಲು ಒಂದು ಹನಿಯನ್ನು ತನ್ನ ಅಂಗೈಗೆ ಬಿಟ್ಟು ನೆಕ್ಕಬೇಕು, ಆಮೇಲೆ ಎದುರಿಗಿರುವವರ ಅಂಗೈಗೆ ಬಿಡಬೇಕು. ನಾನು ತಿಂದದ್ದನ್ನೇ ನಿನಗೂ ಕೊಡುತ್ತಿದ್ದೇನೆ ಎಂದು ಅದರ ಅರ್ಥ. ಹೊರಗಿನವರಿಗೆ ಹಾಗೆ ಕೊಡುವುದಿಲ್ಲ. ಆದರೆ ನನ್ನ ಅಂಗಡಿಗೆ ಬಂದವರೆಲ್ಲ ನಮ್ಮವರೇ ಎಂದು ಮಾವ ತಿಳಿದುಕೊಂಡಿದ್ದರು.

ಆ ದಿನ ಅಂಗಡಿಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು. ನನ್ನ ಅರ್ಧ ಗಿರಾಕಿಗಳು ಅವರ ಬಾಯಿಮಾತಿನಿಂದ ಬಂದವರು. ಎರಡು ಬಸ್ಸು ಬದಲಾಯಿಸಿ ಬಂದ ಮಾವ ಕ್ಯಾನು ಕೆಳಗಿಟ್ಟು, ಬೆವರು ಒರೆಸಿಕೊಂಡು, ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದರು. ಆಮೇಲೆ ಟೀಚರ ಕಡೆ ತಿರುಗಿ, "ಕೈ ಹಿಡಿಯಿರಿ ಅಮ್ಮ" ಎಂದರು.

ಟೀಚರ್ ಒಂದು ಹೆಜ್ಜೆ ಹಿಂದೆ ಸರಿದರು. "ಕೈಯಲ್ಲೆಲ್ಲ ಬೇಡಪ್ಪ" ಎಂದು ನನ್ನತ್ತ ನೋಡಿ, "ಇವರು ನಿಮ್ಮ ಪೈಕಿಯಾ?" ಎಂದು ಕೇಳಿದರು.

"ಅಲ್ಲ ಟೀಚರ್. ಗುಡ್ಡೆಯವರು, ಸಾಮಾನು ತರುವುದು. ಕ್ಲೀನು ಗೀನು ಅವರಿಗೆ ಗೊತ್ತಾಗುವುದಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಾವನ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲ ಅವರೊಡನೆ ಕನ್ನಡದಲ್ಲಿ, "ಇನ್ನು ಚಮಚದಲ್ಲಿ ಕೊಡಿ, ಆಯ್ತಾ?" ಎಂದೆ.

ಮಾವ ನನ್ನನ್ನೇ ನೋಡಿದರು. ಅಂಗೈಯನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡು, "ಆಯ್ತು ಅಮ್ಮ" ಎಂದರು, ಅವರೂ ಕನ್ನಡದಲ್ಲೇ. ಅಲ್ಲಿಯವರೆಗೆ ನಾನು ಅವರಿಗೆ 'ಮಗಾ' ಆಗಿದ್ದೆ. ಬಸ್‌ಸ್ಟ್ಯಾಂಡಿನವರೆಗಾದರೂ ಹೊರಟ ಮಾವನ ಹಿಂದೆ ಓಡಬೇಕಿತ್ತು, ಓಡಲಿಲ್ಲ. ನಿಜ ಹೇಳಬೇಕೆಂದರೆ, ಗುಟ್ಟು ಉಳಿಯಿತಲ್ಲ ಎಂದು ನನಗೆ ನಿರಾಳವಾಗಿತ್ತು. ಆ ನಿರಾಳವನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಮಾವ ಜೇನು ತರುವುದನ್ನು ನಿಲ್ಲಿಸಲಿಲ್ಲ. ಹಿಂಬಾಗಿಲಿಗೆ ಬಂದು ಕ್ಯಾನು ಇಟ್ಟು, "ಬರ್ತೇನೆ ಅಮ್ಮ" ಎಂದು ಹೋಗುತ್ತಿದ್ದರು. ಅಂಗಡಿಯಲ್ಲಿ ಯಾರೂ ಇಲ್ಲದಾಗಲೂ ಹಾಗೆಯೇ. ನನ್ನ ಸುಳ್ಳನ್ನು ನನಗಿಂತ ಜೋಪಾನವಾಗಿ ಕಾಯ್ದವರು ಅವರು.

ಈ ವರ್ಷ ತಡೆಯಲಾಗಲಿಲ್ಲ. ಟೀಚರ್ ಬಂದಾಗ ಹೇಳಿಯೇಬಿಟ್ಟೆ: "ಆ ಜೇನಿನವರು ನನ್ನ ಸ್ವಂತ ಮಾವ."

"ಹೌದಾ? ಮೊದಲೇ ಹೇಳುವುದಲ್ವಾ ಮಾರಾಯ್ತಿ" ಎಂದ ಟೀಚರ್, ಸೀಗೆಕಾಯಿ ಹೊಸತು ಬಂದಿದೆಯಾ ಎಂದು ಕೇಳಿದರು. ಅಷ್ಟೇ. ಇಷ್ಟಕ್ಕಾಗಿ ನಾನು ಮಾವನನ್ನು ಬಿಟ್ಟುಕೊಟ್ಟಿದ್ದೆ.

ಮರುದಿನವೇ ಅಂಗಡಿ ಮುಚ್ಚಿ ಗುಡ್ಡ ಹತ್ತಿದೆ. ಮಾವ ಆಗಷ್ಟೇ ಜೇನು ತೆಗೆದು ಬಂದು ಅಂಗಳದಲ್ಲಿ ಕುಳಿತಿದ್ದರು. ಸುತ್ತ ಮೊಮ್ಮಕ್ಕಳು, ಪಕ್ಕದ ಮನೆಯವರು. ತಾವು ನೆಕ್ಕಿ, ಒಬ್ಬೊಬ್ಬರ ಅಂಗೈಗೂ ಬಿಡುತ್ತಿದ್ದರು. ನಾನೂ ಸಾಲಿನಲ್ಲಿ ಕುಳಿತು ಕೈ ಚಾಚಿದೆ.

"ತಮ್ಮಲೆ, ಟೀಚರಿಗೆ ಹೇಳಿದೆ, ನೀವು ನನ್ನ ಮಾವ ಅಂತ. ನನ್ನದು ತಪ್ಪಾಯ್ತು" ಎಂದು ತುಳುವಿನಲ್ಲಿ ಹೇಳಿದೆ.

"ಅದೆಲ್ಲ ಎಂಥದ್ದಕ್ಕೆ" ಎಂದು ಅವರು ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಸ್ಟೀಲಿನ ಚಮಚವಿತ್ತು. ಅದನ್ನು ಎರಡು ಸಲ ತೊಳೆದು, ಬೈರಾಸಿನ ಚೊಕ್ಕ ತುದಿಯಿಂದ ಒರೆಸಿ, ಜೇನು ತುಂಬಿಸಿ ನನ್ನ ಮುಂದೆ ಹಿಡಿದರು.

"ತೆಗೆದುಕೊಳ್ಳಿ ಅಮ್ಮ, ನಿಮಗೆ ಕೈಯಲ್ಲಿ ಆಗುವುದಿಲ್ಲ ಅಲ್ವಾ" ಎಂದರು.

ಮಕ್ಕಳೆಲ್ಲ ಅಂಗೈ ನೆಕ್ಕುತ್ತ ನನ್ನನ್ನೇ ನೋಡುತ್ತಿದ್ದವು. ನಾನು ಚಾಚಿದ್ದ ಅಂಗೈಯನ್ನು ಮಡಚಿ, ಚಮಚ ತೆಗೆದುಕೊಂಡೆ.